ಅಂಗಳದ ಹುಲ್ಲಿಗೆ ಎಂಥ ಯಂತ್ರ?

ಮಾವಿನ ಸಸಿಯ ತುದಿಯನ್ನು ಚಿವುಟಿದರೆ ಅದು ಮೇಲಕ್ಕೆ ಬೆಳೆಯುವುದನ್ನು ಬಿಟ್ಟು ಪಕ್ಕಕ್ಕೆ ಕವಲೊಡೆಯುತ್ತದೆ. ಹುಲ್ಲು ಹಾಗಲ್ಲ. ಹಸು ಮೇಯ್ದರೂ, ಕುಡುಗೋಲಿನಿಂದ ಕೊಯ್ದರೂ ವಾರ ಕಳೆಯುವಷ್ಟರಲ್ಲಿ ಅದೇ ಎಲೆ ಮತ್ತೆ ಉದ್ದವಾಗಿರುತ್ತದೆ. ಇದಕ್ಕೆ ಕಾರಣವೇನೆಂದು ವರ್ಧನ ಅಂಗಾಂಶದ ಪಾಠ ಓದಿರುವ ಪ್ರೌಢಶಾಲೆಯ ವಿದ್ಯಾರ್ಥಿಗಳು ಹೇಳಬಲ್ಲರು. ಹುಲ್ಲಿನ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಹೊಸ ಜೀವಕೋಶಗಳು ಹುಟ್ಟುವ ಜಾಗ ನೆಲಕ್ಕೆ ಅಂಟಿಕೊಂಡಂತೆ, ಹಸುವಿನ ಹಲ್ಲಿಗೆ ಸಿಗದಷ್ಟು ಕೆಳಗಿರುತ್ತದೆ. ಆ ಬುಡ ಕ್ಷೇಮವಾಗಿರುವ ತನಕ ಹುಲ್ಲಿಗೆ ಸಾವಿಲ್ಲ.

ಹುಲ್ಲು ಕತ್ತರಿಸುವ ಯಂತ್ರ ಕೊಳ್ಳಹೊರಟವರಿಗೆ ಈ ಪಾಠ ಏತಕ್ಕೆ ಎಂದು ಕೇಳಬಹುದು. ಯಂತ್ರ ಯಾವುದೇ ಇರಲಿ, ಅದರ ಕೆಲಸ ಬುಡವನ್ನು ಮುಟ್ಟದೆ ಎಲೆಯನ್ನಷ್ಟೇ ತೆಗೆಯುವುದು. ಅದರಲ್ಲೂ ಒಂದು ಸಲಕ್ಕೆ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎಲೆಯೇ ಅಲ್ಲವೆ ಗಿಡದ ಅಡುಗೆಮನೆ? ಹುಲ್ಲು 3 ಸೆಂಟಿಮೀಟರ್ ಇರಬೇಕೆಂದು ನಿಮ್ಮ ಆಸೆಯಾದರೆ ಅದು ನಾಲ್ಕೂವರೆ ಸೆಂಟಿಮೀಟರ್ ಆಗುವ ಹೊತ್ತಿಗೆ ಕತ್ತರಿಸಿರಬೇಕು. ತಿಂಗಳುಗಟ್ಟಲೆ ಬಿಟ್ಟು, ಮನೆಗೆ ನೆಂಟರು ಬರುವ ಹಿಂದಿನ ದಿನ ನುಣ್ಣಗೆ ಬೋಳಿಸಿದರೆ ಹುಲ್ಲು ಹಳದಿಯಾಗಿ ಸೊರಗುತ್ತದೆ; ತೆರವಾದ ಜಾಗಕ್ಕೆ ಕಳೆ ಬಂದು ಕೂರುತ್ತದೆ.

ನಮ್ಮ ಕಡೆಯ ಮನೆಗಳ ಹುಲ್ಲುಹಾಸಿನಲ್ಲಿ ಹೆಚ್ಚಾಗಿ ಕಾಣುವುದು ಗರಿಕೆಯ ಜಾತಿಗಳು, ಇಲ್ಲವೆ ನರ್ಸರಿಯವರು ‘ಮೆಕ್ಸಿಕನ್’ ಎಂದು ಮಾರುವ ದಟ್ಟವಾದ ಹುಲ್ಲು. ಗಣಪತಿಗೆ ಏರಿಸುವ ಆ ಗರಿಕೆಯೇ ಜಗತ್ತಿನ ಎಷ್ಟೋ ಆಟದ ಮೈದಾನಗಳಲ್ಲಿ ‘ಬರ್ಮುಡಾ’ ಎಂಬ ಹೆಸರಿನಲ್ಲಿ ಹಾಸಿಕೊಂಡಿದೆ. ಬಿಸಿಲನ್ನು ಬಯಸುವ ಹುಲ್ಲು ಇದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿ ಕೇಳುತ್ತದೆ; ಚಳಿ ಮತ್ತು ಒಣ ಹವೆಯ ದಿನಗಳಲ್ಲಿ ಮೂರು ವಾರ ಸುಮ್ಮನಿದ್ದರೂ ಅಡ್ಡಿಯಿಲ್ಲ.

ಬಟ್ಟೆಯ ಗಿರಣಿಯಿಂದ ಬಂದದ್ದು

ಯಂತ್ರ ಬರುವ ಮೊದಲು ಇಂಗ್ಲೆಂಡಿನ ಸಿರಿವಂತರ ಹುಲ್ಲುಹಾಸುಗಳನ್ನು ಆಳುಗಳು ಉದ್ದ ಹಿಡಿಯ ಕುಡುಗೋಲು ಬೀಸಿ ಕೊಯ್ಯುತ್ತಿದ್ದರು. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಸುತ್ತಮುತ್ತ ಉಣ್ಣೆ ಬಟ್ಟೆಯ ಗಿರಣಿಗಳು ಬಹಳ. ನೇಯ್ದ ಬಟ್ಟೆಯ ಮೇಲೆ ಎದ್ದಿರುವ ನವಿರನ್ನು ಸಮನಾಗಿ ಕತ್ತರಿಸಲು ಅಲ್ಲಿ ಸುರುಳಿ ಅಲಗುಗಳ ಉರುಳೆಯೊಂದು ತಿರುಗುತ್ತಿತ್ತು. ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬಾತ ಅದನ್ನು ನೋಡಿ, ಬಟ್ಟೆಗೆ ಸಲ್ಲುವುದು ಹುಲ್ಲಿಗೇಕೆ ಸಲ್ಲದು ಎಂದು ಯೋಚಿಸಿದ. 1830ರಲ್ಲಿ ಪೇಟೆಂಟ್ ಪಡೆದ. ಹೊಂದಿಸಿಕೊಳ್ಳಬಲ್ಲ ಸ್ಪ್ಯಾನರ್ ಒಂದನ್ನು ರೂಪಿಸಿದವನೂ ಈತನೇ. ಎರಡು ಶತಮಾನ ಕಳೆಯುತ್ತಾ ಬಂದರೂ ಇಂದು ಅಂಗಡಿಯಲ್ಲಿ ಸಿಗುವ ಕೈಯಿಂದ ತಳ್ಳುವ ಯಂತ್ರ ಮೂಲತಃ ಬಡ್ಡಿಂಗನ ಯಂತ್ರವೇ.

ಅದರ ಒಳಗುಟ್ಟು ಸರಳ. ಎರಡು ಚಕ್ರಗಳ ನಡುವೆ ಐದಾರು ಸುರುಳಿ ಅಲಗುಗಳ ಉರುಳೆ. ಅದರ ಕೆಳಗೆ ಅಲುಗಾಡದ ಒಂದು ಚಪ್ಪಟೆ ಅಲಗು. ಹುಲ್ಲು ಇವೆರಡರ ನಡುವೆ ಸಿಕ್ಕಿ ಕತ್ತರಿಯಲ್ಲಿ ಸಿಕ್ಕ ಕಾಗದದಂತೆ ಕತ್ತರಿಸಿಹೋಗುತ್ತದೆ. ಚಕ್ರ ಒಂದು ಸುತ್ತು ಬಂದರೆ ಗೇರುಗಳ ದೆಸೆಯಿಂದ ಉರುಳೆ ಹಲವು ಸುತ್ತು ಬರುತ್ತದೆ. ಮಕ್ಕಳೇ, ಒಂದು ಲೆಕ್ಕ ಮಾಡಿ. ಚಕ್ರದ ವ್ಯಾಸ 25 ಸೆಂಟಿಮೀಟರ್, ಗೇರಿನ ಪ್ರಮಾಣ ಒಂದಕ್ಕೆ ಐದು, ಅಲಗುಗಳು ಐದು ಎಂದಿಟ್ಟುಕೊಳ್ಳಿ. ಚಕ್ರದ ಒಂದು ಸುತ್ತಿಗೆ ಯಂತ್ರ ಮುಂದೆ ಹೋಗುವುದು 78.5 ಸೆಂಟಿಮೀಟರ್, ಆಗುವ ಕತ್ತರಿಕೆ 25. ಅಂದರೆ ಸುಮಾರು 3 ಸೆಂಟಿಮೀಟರಿಗೆ ಒಂದು. ಎಷ್ಟು ಜೋರಾಗಿ ತಳ್ಳಿದರೂ ಈ ಅಂತರ ಬದಲಾಗದು, ಏಕೆಂದರೆ ಉರುಳೆ ತಿರುಗುವುದೇ ಚಕ್ರದಿಂದ. ಅಲಗುಗಳು ಹೆಚ್ಚಿದಷ್ಟೂ ಅಂತರ ಕಡಿಮೆ, ಹುಲ್ಲುಹಾಸು ನುಣುಪು. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಅಲಗುಗಳನ್ನು ಎಣಿಸಿ.

ಎಷ್ಟು ಅಂಗಳಕ್ಕೆ ಎಷ್ಟು ಯಂತ್ರ?

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಕಾರಿಗೆ ಜಾಗ ಬಿಟ್ಟು ಉಳಿದದ್ದರಲ್ಲಿ ಇನ್ನೂರು ಚದರಡಿ ಹುಲ್ಲು ಬೆಳೆಸಿದ್ದರೆ ಅದೇ ದೊಡ್ಡ ಮಾತು. ಇಷ್ಟಕ್ಕೆ ಪೆಟ್ರೋಲ್ ಎಂಜಿನ್ ತಂದಿಟ್ಟುಕೊಂಡ ಪೋಷಕರೊಬ್ಬರನ್ನು ನಾನು ಬಲ್ಲೆ. ಯಂತ್ರವನ್ನು ತಿರುಗಿಸಲು ಅವರ ಅಂಗಳದಲ್ಲಿ ಜಾಗವಿಲ್ಲ! 12 ಅಂಗುಲ ಅಗಲದ ಕೈಯಂತ್ರ ಹಿಡಿದರೆ ಇನ್ನೂರು ಚದರಡಿಗೆ ನಡೆಯಬೇಕಾದದ್ದು ಇನ್ನೂರು ಅಡಿ. ಒಂದು ಸಾಲಿನ ಮೇಲೊಂದು ಸಾಲು ಸ್ವಲ್ಪ ಹಾಯುವುದರಿಂದ ಇನ್ನೂರೈವತ್ತು ಎನ್ನಿ. ಕಾಲು ಗಂಟೆಯ ಕೆಲಸ. ಸದ್ದಿಲ್ಲ, ಹೊಗೆಯಿಲ್ಲ, ಕರೆಂಟು ಹೋದರೆ ಚಿಂತೆಯಿಲ್ಲ. ಸಾವಿರ ಚದರಡಿಯವರೆಗೂ ಇದೇ ಸಾಕೆಂಬುದು ನನ್ನ ಅಭಿಪ್ರಾಯ. ಆದರೆ ಇದಕ್ಕೆ ನೆಲ ಮಟ್ಟಸವಾಗಿರಬೇಕು, ಹುಲ್ಲು ಮೊಣಕಾಲುದ್ದ ಬೆಳೆದಿರಬಾರದು. ಬೆಳೆದಿದ್ದರೆ ಮೊದಲು ಕುಡುಗೋಲು, ಆಮೇಲೆ ಯಂತ್ರ.

ಅದಕ್ಕೂ ದೊಡ್ಡ ಅಥವಾ ಉಬ್ಬುತಗ್ಗಿನ ಜಾಗಕ್ಕೆ ಮೋಟಾರಿನ ರೋಟರಿ ಯಂತ್ರ ಬೇಕಾಗುತ್ತದೆ. ಇದು ಕತ್ತರಿಯಲ್ಲ, ಬೀಸುಗತ್ತಿ. ಫ್ಯಾನಿನ ರೆಕ್ಕೆಯಂತೆ ನೆಲಕ್ಕೆ ಸಮಾನಾಂತರವಾಗಿ ತಿರುಗುವ ಒಂದೇ ಅಲಗು, ಬರಿಯ ವೇಗದಿಂದ ಹುಲ್ಲನ್ನು ತುಂಡರಿಸುತ್ತದೆ. ಆ ವೇಗ ಎಷ್ಟು? ಅಲಗಿನ ಉದ್ದ 40 ಸೆಂಟಿಮೀಟರ್, ನಿಮಿಷಕ್ಕೆ 3000 ಸುತ್ತು ಎಂದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 63 ಮೀಟರ್. ಗಂಟೆಗೆ 226 ಕಿಲೋಮೀಟರ್! 20 ಗ್ರಾಂ ತೂಗುವ ಜಲ್ಲಿಚೂರೊಂದು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಚಿಮ್ಮಿದರೆ ಅದರ ಚಲನಶಕ್ತಿ 36 ಜೂಲ್. ಒಂದು ಕಿಲೋ ತೂಕದ ಬಟ್ಟು ಹನ್ನೆರಡು ಅಡಿ ಎತ್ತರದಿಂದ ಬಿದ್ದಾಗ ಇರುವಷ್ಟು ಶಕ್ತಿ ಅದು. ಮೈದಾನದಲ್ಲಿ ಹುಲ್ಲು ಹೊಡೆಯುತ್ತಿದ್ದಾಗ ಹಾರಿದ ಕಲ್ಲಿನಿಂದ, ನಾನು ಪಾಠ ಮಾಡುತ್ತಿದ್ದ ಕೊಠಡಿಯ ಕಿಟಕಿ ಗಾಜು ಪುಡಿಯಾದದ್ದನ್ನು ಕಂಡಿದ್ದೇನೆ. ಕಿಟಕಿಯ ಪಕ್ಕದ ಬೆಂಚಿನ ಹುಡುಗ ಅಂದು ಗೈರುಹಾಜರಾಗಿದ್ದ.

ಆದ್ದರಿಂದ ತಂದೆ ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟು. ಮೋಟಾರಿನ ಯಂತ್ರ ಓಡುವಾಗ ಚಿಕ್ಕ ಮಕ್ಕಳು ಮನೆಯೊಳಗಿರಲಿ. ಮೊದಲು ಅಂಗಳದಲ್ಲಿ ನಡೆದಾಡಿ ಕಲ್ಲು, ತಂತಿ, ಮುರಿದ ಆಟಿಕೆಗಳನ್ನು ಆರಿಸಿ. ಹವಾಯಿ ಚಪ್ಪಲಿ ಬೇಡ, ಬೂಟು ಹಾಕಿ, ಕಣ್ಣಿಗೆ ಕನ್ನಡಕವಿರಲಿ. ಮಕ್ಕಳು ಇಂಥ ಯಂತ್ರವನ್ನು ತಳ್ಳಲು ಕನಿಷ್ಠ 12 ವರ್ಷವಾದರೂ ಆಗಿರಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಾನಾದರೆ ಇನ್ನೂ ಎರಡು ವರ್ಷ ಸೇರಿಸುತ್ತೇನೆ. ಅದೇ ದೇಶದಲ್ಲಿ 1982ರಿಂದ, ಹಿಡಿಯನ್ನು ಬಿಟ್ಟ 3 ಸೆಕೆಂಡಿನೊಳಗೆ ಅಲಗು ನಿಲ್ಲಬೇಕೆಂಬ ಕಾನೂನಿದೆ. ನೀವು ಕೊಳ್ಳುವ ಯಂತ್ರದ ಹಿಡಿಯಲ್ಲಿಯೂ ಅಂಥ ಸನ್ನೆ ಇದೆಯೇ ಎಂದು ನೋಡಿಕೊಳ್ಳಿ. ಕೆಲವರು ಅದನ್ನು ದಾರದಿಂದ ಬಿಗಿದು ಕಟ್ಟಿಬಿಡುತ್ತಾರೆ. ಬೆರಳು ಹೋಗುವುದು ಇಂಥ ಜಾಣತನದಿಂದಲೇ.

ವಿದ್ಯುತ್ತಿನ ಯಂತ್ರವಾದರೆ ವೈರಿನ ಕಡೆ ಗಮನವಿರಲಿ. 1500 ವಾಟ್ ಯಂತ್ರ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 6.5 ಆಂಪಿಯರ್. ಮದುವೆ ಮನೆಯ ಸೀರಿಯಲ್ ಸೆಟ್ಟಿಗೆ ತಂದ 0.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 30 ಮೀಟರ್ ಎಳೆದರೆ, ಹೋಗಿಬರುವ ದಾರಿ ಸೇರಿ ಅದರ ರೋಧ ಸುಮಾರು 2 ಓಮ್. ಓಮನ ನಿಯಮದಂತೆ 13 ವೋಲ್ಟ್ ವೈರಿನಲ್ಲೇ ನಷ್ಟ. 85 ವಾಟಿನಷ್ಟು ಶಾಖ ವೈರಿನಲ್ಲೇ ಉತ್ಪತ್ತಿ. ಸುತ್ತಿಟ್ಟ ಸುರುಳಿಯಲ್ಲಿ ಅಷ್ಟು ಶಾಖ ಕೂಡಿದರೆ ಪ್ಲಾಸ್ಟಿಕ್ ಕರಗುತ್ತದೆ. 1.5 ಚದರ ಮಿಲಿಮೀಟರಿನ ವೈರನ್ನೇ ತನ್ನಿ, ಪೂರ್ತಿ ಬಿಚ್ಚಿ ಬಳಸಿ. ಹುಲ್ಲು ಒದ್ದೆಯಿರುವಾಗ ಮುಟ್ಟಬೇಡಿ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಯಂತ್ರಕ್ಕಿಂತ ಮೊದಲು ಅದನ್ನು ಹಾಕಿಸಿ. ಕತ್ತರಿಸುವಾಗ ವೈರು ಸದಾ ನಿಮ್ಮ ಬೆನ್ನ ಹಿಂದಿರಲಿ. ಈಚೆಗೆ ಬಂದಿರುವ ಬ್ಯಾಟರಿಯ ಯಂತ್ರಗಳಿಗೆ ಈ ತಲೆನೋವಿಲ್ಲ, ಬೆಲೆ ಹೆಚ್ಚು.

ನೀರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡವೆಂದು ಆದೇಶಿಸಿದ್ದು ನೆನಪಿರಬಹುದು. 20 ಚದರ ಮೀಟರ್ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರಿನಂತೆ ನೀರು ಹಾಯಿಸಿದರೆ 100 ಲೀಟರ್ ಬೇಕು. ಬೇಸಿಗೆಯಲ್ಲಿ ಯಂತ್ರದ ಎತ್ತರವನ್ನು ಒಂದು ಸೆಂಟಿಮೀಟರ್ ಏರಿಸಿ. ಉದ್ದದ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳಾಗುತ್ತದೆ, ಬೇರೂ ಆಳಕ್ಕಿಳಿಯುತ್ತದೆ. ಕತ್ತರಿಸಿದ ಚೂರುಗಳನ್ನು ತೆಳ್ಳಗೆ ಅಲ್ಲೇ ಬಿಟ್ಟರೆ ಅದರ ಸಾರಜನಕ ಮರಳಿ ಮಣ್ಣಿಗೆ ಸೇರುತ್ತದೆ. ಅಷ್ಟಾಗಿಯೂ ನೀರು ಸಾಲದ ಬಡಾವಣೆಯಲ್ಲಿ ಹುಲ್ಲುಹಾಸಿನ ಆಸೆ ಬಿಟ್ಟು ನಾಲ್ಕು ದಾಸವಾಳ ನೆಡುವುದೇ ಲೇಸು.

ಅಲಗು ಮೊಂಡಾದರೆ

ಮೊಂಡು ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಎಲೆಗಳ ತುದಿ ನಾರುನಾರಾಗಿ ಬಿಳಿಚಿಕೊಂಡು ಇಡೀ ಅಂಗಳ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಹರಿದ ಗಾಯದಿಂದ ನೀರೂ ಹೆಚ್ಚು ಆರುತ್ತದೆ.

ಕೈಯಂತ್ರದ ಪರೀಕ್ಷೆಗೆ ಈ ಪತ್ರಿಕೆಯ ಒಂದು ಪಟ್ಟಿಯೇ ಸಾಕು (ಓದಿಯಾದ ಮೇಲೆ!). ಅದನ್ನು ಉರುಳೆಗೂ ಕೆಳ ಅಲಗಿಗೂ ನಡುವೆ ಹಿಡಿದು, ಬೆರಳು ದೂರವಿಟ್ಟು, ಉರುಳೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಿರುಗಿಸಿ. ಉದ್ದಕ್ಕೂ ಕಾಗದ ನೀಟಾಗಿ ಕತ್ತರಿಸಿದರೆ ಸರಿ. ಮಡಚಿಕೊಂಡರೆ ಕೆಳ ಅಲಗಿನ ಎರಡು ಬದಿಯ ಸ್ಕ್ರೂಗಳನ್ನು ಕಾಲು ಸುತ್ತಿನಷ್ಟು ಬಿಗಿದು ಮತ್ತೆ ನೋಡಿ. ಅಲಗುಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದಂತಿರಬೇಕು. ಅದರಿಂದಲೂ ಆಗದಿದ್ದರೆ ಮೆಕ್ಯಾನಿಕ್ಕುಗಳು ವಾಲ್ವ್ ಉಜ್ಜಲು ಬಳಸುವ ಗ್ರೈಂಡಿಂಗ್ ಪೇಸ್ಟನ್ನು ಅಲಗುಗಳಿಗೆ ಬಳಿದು ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸಬೇಕು. ಇದಕ್ಕೆ ಚಕ್ರ ಬಿಚ್ಚಬೇಕಾಗುತ್ತದೆ. ಬಿಚ್ಚಿದಾಗ ಒಳಗಿನ ಹಲ್ಲುಗಾಲಿಯನ್ನು ಮಕ್ಕಳಿಗೆ ತೋರಿಸಿ. ಯಂತ್ರವನ್ನು ಹಿಂದಕ್ಕೆಳೆದಾಗ ಟಿಕ್ ಟಿಕ್ ಎನ್ನುವುದು ಸೈಕಲ್ಲಿನ ಫ್ರೀವೀಲಿನ ತತ್ವದಿಂದಲೇ. ಕೊನೆಗೆ ಪೇಸ್ಟನ್ನು ಪೂರ್ತಿ ಒರೆಸಿ ಎಣ್ಣೆ ಬಿಡಿ.

ರೋಟರಿ ಅಲಗನ್ನು ಬಿಚ್ಚುವ ಮೊದಲು ಪ್ಲಗ್ ಕಿತ್ತಿರಬೇಕು. ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್ಗಿನ ವೈರನ್ನು ತೆಗೆದು ಪಕ್ಕಕ್ಕಿಡಬೇಕು. ನಿಂತ ಎಂಜಿನ್ ಕೂಡ ಅಲಗನ್ನು ಕೈಯಿಂದ ತಿರುಗಿಸಿದರೆ ಒಮ್ಮೆ ಉಸಿರಾಡಿಬಿಡಬಲ್ಲದು. ಅಲಗಿನ ಎರಡೂ ಬಾಯಿಯನ್ನು ಮೊದಲಿದ್ದ ಓರೆಯಲ್ಲೇ ಅರದಿಂದ ಉಜ್ಜಿ, ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ. ಒಂದು ಕಡೆ ವಾಲಿದರೆ ಆ ಕಡೆಯನ್ನು ಇನ್ನಷ್ಟು ಉಜ್ಜಿ. ತೂಕದಲ್ಲಿ ಕೊಂಚ ವ್ಯತ್ಯಾಸವಿದ್ದರೂ ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ಇಡೀ ಯಂತ್ರವನ್ನು ನಡುಗಿಸಿ ಬೇರಿಂಗನ್ನು ತಿನ್ನುತ್ತದೆ.

ಪೆಟ್ರೋಲ್ ಎಂಜಿನ್ ಇಟ್ಟುಕೊಂಡವರು ಪ್ರತಿ ಸಲವೂ ಆಯಿಲ್ ಕಡ್ಡಿ ನೋಡಬೇಕು, ಏರ್ ಫಿಲ್ಟರಿನ ದೂಳು ಕೊಡವಬೇಕು. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸಿರುತ್ತಾರೆ. 2025ರಲ್ಲಿ ಆ ಪ್ರಮಾಣ ಶೇಕಡ 20ಕ್ಕೆ ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಯಂತ್ರ ಸುಮ್ಮನಿರುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ತಳ ತೊಳೆಯಲು ವಾಲಿಸುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಲಿ, ಇಲ್ಲವಾದರೆ ಆಯಿಲ್ ಅದರೊಳಗೆ ಇಳಿಯುತ್ತದೆ. ಹಳೆಯ ಯಂತ್ರ ಕೊಳ್ಳುವವರು ಬೆಲೆ ಮಾತಾಡುವ ಮುನ್ನ ಉರುಳೆಯ ಎರಡು ತುದಿಯನ್ನು ಹಿಡಿದು ಅಲುಗಾಡಿಸಿ ನೋಡಲಿ. ಲೊಡಲೊಡ ಎಂದರೆ ಬೇರಿಂಗ್ ಸವೆದಿದೆ. ಕೆಳ ಅಲಗು ತಗ್ಗಿನಂತೆ ಬಾಗಿ ಸವೆದಿದ್ದರೆ ಹೊಸತನ್ನು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಕೊಡಬೇಕು.