ಲಿವರ್ ತಜ್ಞರ ಪ್ರಬಂಧಗಳು, ಉಲ್ಲೇಖಗಳ ಲೆಕ್ಕ ಮತ್ತು ನಾವು

ವೈದ್ಯ ಸಂಶೋಧಕರ ಕುರಿತ ಸುದ್ದಿಗಳಲ್ಲಿ "ಇಷ್ಟು ಪ್ರಬಂಧಗಳು ಪ್ರಕಟವಾಗಿವೆ, ಇಷ್ಟು ಸಾವಿರ ಬಾರಿ ಉಲ್ಲೇಖಗೊಂಡಿವೆ" ಎಂಬ ಮಾತು ಸಾಮಾನ್ಯ. ಈ ಅಂಕಿಗಳಿಂದ ನಮಗೆ ಏನು ತಿಳಿಯುತ್ತದೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಲಿವರ್ ತಜ್ಞ ಡಾ. ಹರ್ಷದ್ ದೇವರಭಾವಿ ಅವರ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸಲು ಬಯಸುತ್ತೇವೆ. 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಆಶ್ರಯದಲ್ಲಿ ಆರಂಭವಾದ ಈ ಕಾಲೇಜು ನಮ್ಮ ಓದುಗರಿಗೆ ಪರಿಚಿತವೇ.

ಉಲ್ಲೇಖ ಎಂದರೇನು?

ಒಬ್ಬ ಸಂಶೋಧಕರು ತಮ್ಮ ಪ್ರಬಂಧದಲ್ಲಿ ಬೇರೊಬ್ಬರ ಪ್ರಬಂಧವನ್ನು ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ 'ಎಚ್-ಸೂಚ್ಯಂಕ' ಎಂಬ ಅಳತೆಯನ್ನು ಸೂಚಿಸಿದರು. ಒಬ್ಬರ 20 ಪ್ರಬಂಧಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ ಕನಿಷ್ಠ 20. ಒಂದೇ ಒಂದು ಪ್ರಸಿದ್ಧ ಪ್ರಬಂಧದಿಂದ ಈ ಅಂಕಿ ಏರುವುದಿಲ್ಲ. ವರ್ಷಗಳ ಪರಿಶ್ರಮ ಬೇಕು.

ರೋಗಿಗಳ ದಾಖಲೆಯಿಂದ ಜಗತ್ತಿಗೆ

ಔಷಧಗಳಿಂದಲೇ ಲಿವರಿಗೆ ಆಗುವ ಹಾನಿ ಡಾ. ದೇವರಭಾವಿಯವರ ಮುಖ್ಯ ಅಧ್ಯಯನ ವಿಷಯ. 1997ರಿಂದ 2008ರವರೆಗೆ ಸೇಂಟ್ ಜಾನ್ಸ್‌ನಲ್ಲಿ ದಾಖಲಾದ ಇಂಥ 313 ರೋಗಿಗಳ ವಿವರವನ್ನು ಅವರು ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇವರಲ್ಲಿ ಶೇ. 58 ಮಂದಿಗೆ ಹಾನಿಯಾದದ್ದು ಕ್ಷಯರೋಗದ ಔಷಧಗಳಿಂದ. ಒಟ್ಟು ರೋಗಿಗಳಲ್ಲಿ ಶೇ. 17.3 ಮಂದಿ ತೀರಿಕೊಂಡರು. ಇದು ದೊಡ್ಡ ಆಸ್ಪತ್ರೆಗೆ ಬಂದ ರೋಗಿಗಳ ಲೆಕ್ಕವೇ ಹೊರತು ಕ್ಷಯದ ಮಾತ್ರೆ ಸೇವಿಸುವ ಎಲ್ಲರ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು.

ಬಳಿಕ ದೇಶದ ಹಲವು ಆಸ್ಪತ್ರೆಗಳು ಜೊತೆಗೂಡಿ 1288 ರೋಗಿಗಳ ವರದಿಯನ್ನು 2021ರಲ್ಲಿ ಹೊರತಂದವು. ಅದರಲ್ಲೂ ಕ್ಷಯದ ಔಷಧಗಳೇ ಮೊದಲ ಕಾರಣ, ಸುಮಾರು ಶೇ. 46. ಎರಡನೆಯದು ಗಿಡಮೂಲಿಕೆ ಮುಂತಾದ ಪರ್ಯಾಯ ಔಷಧಗಳು, ಸುಮಾರು ಶೇ. 14.

2023ರಲ್ಲಿ ಅವರು ಮೇಯೋ ಕ್ಲಿನಿಕ್‌ನ ಡಾ. ಪ್ಯಾಟ್ರಿಕ್ ಕಾಮತ್ ಮುಂತಾದವರೊಂದಿಗೆ ಬರೆದ ಪ್ರಬಂಧ, ಲಿವರ್ ರೋಗಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಜನ ಸಾಯುತ್ತಾರೆ, ಅಂದರೆ ಪ್ರತಿ 25 ಸಾವುಗಳಲ್ಲಿ ಒಂದು ಎಂದು ತಿಳಿಸಿತು. ಇದು ಈಗಾಗಲೇ ಸಾವಿರಕ್ಕೂ ಮಿಕ್ಕಿ ಉಲ್ಲೇಖಗೊಂಡಿದೆ.

ಅಂಕಿಗಳ ಮಿತಿ

ಜಾಗತಿಕ ಲೆಕ್ಕ ನೀಡುವ ಪ್ರಬಂಧವನ್ನು ಎಲ್ಲ ದೇಶದವರೂ ಉಲ್ಲೇಖಿಸುತ್ತಾರೆ. ಒಂದೇ ಆಸ್ಪತ್ರೆಯ ರೋಗಿಗಳ ಅಧ್ಯಯನಕ್ಕೆ ಅಷ್ಟು ಉಲ್ಲೇಖ ಸಿಗುವುದು ಕಷ್ಟ. ಆದರೆ ನಮ್ಮ ಊರಿನ ರೋಗಿಗೆ ಹೆಚ್ಚು ಬೇಕಾದದ್ದು ಈ ಎರಡನೆಯದೇ ಆಗಿರಬಹುದು. ಒಂದು ಪ್ರಬಂಧವನ್ನು ಎಷ್ಟು ಸಂಶೋಧಕರು ಬಳಸಿಕೊಂಡರು ಎಂಬುದನ್ನು ಉಲ್ಲೇಖಗಳ ಸಂಖ್ಯೆ ತಿಳಿಸುತ್ತದೆ. ಅದರ ತಿಳುವಳಿಕೆ ರೋಗಿಯ ಮನೆಗೆ ತಲುಪಿತೇ ಎಂಬುದನ್ನು ತಿಳಿಸುವುದಿಲ್ಲ. ತಲುಪಿಸುವ ಕೆಲಸ ನಮ್ಮಂಥವರದು.

ಸಿಂದಗಿಯಿಂದ ಕರಾವಳಿಗೆ

ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗಳಿಂದ ಅನೇಕ ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಕರಾವಳಿಗೆ ಬರುತ್ತವೆ. ಸಾಮಾನ್ಯ ಕ್ಷಯರೋಗದ ಚಿಕಿತ್ಸೆಗೆ ಆರು ತಿಂಗಳು ಬೇಕು. ಅಷ್ಟರಲ್ಲಿ ಕೆಲಸಗಾರ ಒಮ್ಮೆ ಸಿಂದಗಿಯಲ್ಲಿ, ಒಮ್ಮೆ ಇಲ್ಲಿ ಇರಬಹುದು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಎಂಬ ಮೂರು ಔಷಧಗಳು ಕ್ಷಯವನ್ನು ಗುಣಪಡಿಸುತ್ತವೆ. ಕೆಲವರಲ್ಲಿ ಲಿವರಿಗೆ ತೊಂದರೆಯನ್ನೂ ಕೊಡುತ್ತವೆ. ಆಗ ಕಣ್ಣು ಹಳದಿಯಾದರೆ "ಕಾಮಾಲೆ ಬಂತು" ಎಂದು ನಾಟಿಮದ್ದಿಗೆ ಹೋಗುತ್ತಾರೆ. ಕ್ಷಯದ ಮಾತ್ರೆಯೂ ಮುಂದುವರಿಯುತ್ತದೆ. ಹೀಗೆ ಲಿವರಿಗೆ ಎರಡು ಕಡೆಯಿಂದ ಪೆಟ್ಟು ಬೀಳಬಹುದು.

ಆದ್ದರಿಂದ ರೋಗಿಗಳನ್ನು ಭೇಟಿಮಾಡುವ ಕಾರ್ಯಕರ್ತರು ಹೀಗೆ ಮಾಡಬೇಕೆಂದು ಕೋರುತ್ತೇವೆ:

* ಊಟ ಸೇರದಿರುವುದು, ವಾಂತಿ, ಹೊಟ್ಟೆನೋವು, ಕಡು ಬಣ್ಣದ ಮೂತ್ರ, ಹಳದಿ ಕಣ್ಣು ಇವುಗಳನ್ನು ಕೇಳಿ ತಿಳಿಯಿರಿ. ಒಂದಾದರೂ ಇದ್ದರೆ ಮುಂದಿನ ಮಾತ್ರೆಗೆ ಮುನ್ನ, ಅದೇ ದಿನ, ಚಿಕಿತ್ಸೆ ನೀಡುವ ವೈದ್ಯರಲ್ಲಿಗೆ ಕಳುಹಿಸಿ.
* ಮಾತು ತಡವರಿಸಿದರೆ, ಮಂಪರು ಕವಿದರೆ, ಹೊಟ್ಟೆ ಊದಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಿ.
* ಮದ್ಯ ಮತ್ತು ನಾಟಿಮದ್ದು ಬೇಡವೆಂದು ತಿಳಿಹೇಳಿ.
* ವೈದ್ಯರು ನಿಲ್ಲಿಸಿದ ಔಷಧವನ್ನು ರೋಗಿ ತಾನಾಗಿಯೇ ಪುನಃ ಆರಂಭಿಸಬಾರದು. ಲಿವರ್ ಚೇತರಿಸಿಕೊಂಡ ಮೇಲೆ ವೈದ್ಯರೇ ಒಂದೊಂದಾಗಿ ಆರಂಭಿಸುತ್ತಾರೆ.

ಹೆದರಿ ಕ್ಷಯದ ಮಾತ್ರೆಯನ್ನೇ ಬಿಟ್ಟುಬಿಡುವುದು ಇನ್ನೊಂದು ಅಪಾಯ. ಬಹುತೇಕ ರೋಗಿಗಳು ತೊಂದರೆಯಿಲ್ಲದೆ ಚಿಕಿತ್ಸೆ ಮುಗಿಸಿ ಗುಣಮುಖರಾಗುತ್ತಾರೆ. ಈ ಎರಡೂ ಮಾತುಗಳನ್ನು ಒಟ್ಟಿಗೆ ಹೇಳಿದರೆ ಮಾತ್ರ ಸೇಂಟ್ ಜಾನ್ಸ್‌ನ ಆ 313 ರೋಗಿಗಳಿಂದ ಕಲಿತದ್ದು ಸಿಂದಗಿಯ ಕೂಲಿಕಾರ್ಮಿಕನಿಗೂ ಉಪಯೋಗಕ್ಕೆ ಬರುತ್ತದೆ.