ಮರಗೆಲಸದ ಹವ್ಯಾಸವೂ ಅದರ ವೆಚ್ಚವೂ

ಉದ್ಯೋಗದ ನಡುವೆ ದೊರೆವ ಬಿಡುವಿನಲ್ಲಿ ಉಳಿ ಗರಗಸಗಳನ್ನು ಕೈಗೆತ್ತಿಕೊಳ್ಳುವ ಗೃಹಸ್ಥರು ನಗರಗಳಲ್ಲಿ ಅಪರೂಪವಲ್ಲ. ಅವರು ಮನೆಯವರಿಗೆ ಹೇಳುವ ಸಮಾಧಾನವು ಸಾಮಾನ್ಯವಾಗಿ ಒಂದೇ: ಅಂಗಡಿಯ ಮೇಜಿಗೆ ತೆರಬೇಕಾದ ಹಣವು ಇದರಿಂದ ಉಳಿಯುವುದೆಂಬುದು. ಈ ಮಾತು ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಲೆಕ್ಕಹಾಕಿ ನೋಡೋಣ.

ಗರಗಸ, ಕೀಸುಳಿ, ಎರಡು ಮೂರು ಉಳಿಗಳು, ಮೂಲೆಮಟ್ಟ, ಕೊಡತಿ, ಸಾಣೆಕಲ್ಲು, ಕ್ಲಾಂಪುಗಳು, ಇವಕ್ಕೆಲ್ಲ 12,000 ರೂಪಾಯಿ ಹಿಡಿಯಿತೆಂದು ಭಾವಿಸೋಣ. ಬಡಗಿಯು ವರ್ಷಕ್ಕೆ 300 ದಿನ ದುಡಿದರೆ, ಐದು ವರ್ಷಗಳಲ್ಲಿ ಈ ಬಾಬ್ತು ಅವನಿಗೆ ದಿನವೊಂದಕ್ಕೆ 8 ರೂಪಾಯಿ ಬೀಳುವುದು. ವರ್ಷಕ್ಕೆ 40 ಭಾನುವಾರಗಳು ಮಾತ್ರ ಕೆಲಸಕ್ಕೆ ಕೂರುವ ನಮಗೆ ಅದೇ 60 ರೂಪಾಯಿ. ಇದಕ್ಕೆ ಮರದ ನಷ್ಟವನ್ನು ಸೇರಿಸಬೇಕು. ಒಂದಂಗುಲ ದಪ್ಪಕ್ಕೆ ಕೊಯ್ದು ತಂದ ಹಲಗೆಯ ಎರಡು ಮುಖಗಳನ್ನೂ ನಯಮಾಡುವಷ್ಟರಲ್ಲಿ ಮುಕ್ಕಾಲಂಗುಲ ಉಳಿದರೆ ಪುಣ್ಯ; ಬೆಲೆ ಕೊಟ್ಟ ಮರದ ಕಾಲು ಪಾಲು ಹೊಟ್ಟಾಗಿ ಹೋಗುವುದು. ನಮ್ಮ ಹೊತ್ತಿಗೆ ಕೂಲಿಯನ್ನು ಹಾಕಿದರಂತೂ ಲೆಕ್ಕವನ್ನು ಮುಂದುವರಿಸುವುದೇ ಬೇಡ. ಆದರೆ ಸಂಗೀತ ಕಚೇರಿಯಲ್ಲಿ ಕಳೆದ ಸಂಜೆಗೆ ಯಾರೂ ಕೂಲಿ ಕಟ್ಟುವುದಿಲ್ಲವಷ್ಟೆ. ಉಳಿತಾಯದ ವಾದವನ್ನು ಇಲ್ಲಿಗೇ ಬಿಡುವುದು ಲೇಸು. ಅದನ್ನು ನಂಬಿ ಸಂಸಾರದ ಹಣವನ್ನು ತೆಗೆಯುವುದು ನ್ಯಾಯವೂ ಅಲ್ಲ.

ಹಾಗಾದರೆ ಕೊಟ್ಟ ಹಣಕ್ಕೆ ಬರುವ ಫಲವೇನು? ಮರದ ಪರಿಚಯವೆಂದು ನಾವು ಹೇಳುವೆವು. ಕಡಿದ ಮೇಲೂ ಮರವು ಸುಮ್ಮನಿರುವ ವಸ್ತುವಲ್ಲ. ಹಸಿಯ ತೇಗವು ಸಂಪೂರ್ಣವಾಗಿ ಒಣಗುವಷ್ಟರಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಶೇಕಡ 2.5ರಷ್ಟು ಕುಗ್ಗಿದರೆ, ವರ್ಷಬಳೆಗಳ ಸುತ್ತಿನಲ್ಲಿ ಸುಮಾರು ಶೇಕಡ 5.8ರಷ್ಟು ಕುಗ್ಗುವುದು, ಉದ್ದದಲ್ಲಿ ಮಾತ್ರ ಕುಗ್ಗುವುದು ಅತ್ಯಲ್ಪ. 10 ಅಂಗುಲ ಅಗಲದ ಹಲಗೆಯಲ್ಲಿ ಇದು ಅರ್ಧ ಅಂಗುಲವನ್ನು ಮೀರಬಹುದು. ತೇಗವಾದರೋ ಈ ವಿಷಯದಲ್ಲಿ ಸಾಧುವೆಂದು ಹೆಸರಾದ ಮರ! ಮನೆಯೊಳಗೆ ಇಟ್ಟ ಒಣಮರವೂ ಮಳೆಗಾಲದಲ್ಲಿ ಉಬ್ಬುವುದು, ಬೇಸಗೆಯಲ್ಲಿ ಕುಗ್ಗುವುದು. ಹಳೆಯ ಮನೆಗಳ ಬಾಗಿಲುಗಳಲ್ಲಿ ಚೌಕಟ್ಟಿನ ಗಾಡಿಯೊಳಗೆ ನಡುಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಿರುವುದು ಇದಕ್ಕಾಗಿಯೇ. ಬಿಗಿದು ಕಟ್ಟಿದ್ದರೆ ಹಲಗೆ ಸೀಳುತ್ತಿತ್ತು, ಇಲ್ಲವೆ ಚೌಕಟ್ಟು ಬಾಯಿಬಿಡುತ್ತಿತ್ತು. ಈ ಬಗೆಯ ಶೋಧನೆಗಾಗಿ ಮೈಸೂರು ಸಂಸ್ಥಾನವು 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವನ್ನೇ ತೆರೆಯಿತು. ಒಂದು ಪೆಟ್ಟಿಗೆಯನ್ನು ಸ್ವಂತ ಕೈಯಿಂದ ಕೂಡಿಸಿದವನು ಅಂಗಡಿಯ ಮೇಜನ್ನು ಕೊಳ್ಳುವ ಮುನ್ನ ಅದನ್ನು ತಿರುವಿ ತಳವನ್ನು ನೋಡುವನು. ಕೀಲು ಯಾವುದು, ಮೊಳೆ ಯಾವುದು, ಮೇಲಿನ ತೆಳುಪೊರೆ ಯಾವುದೆಂಬುದು ಅವನ ಕಣ್ಣಿಗೆ ತಪ್ಪದು.

ವೆಚ್ಚವನ್ನು ಹಿಡಿತದಲ್ಲಿಡುವುದು ಮೊದಲ ವರ್ಷದ ವಿವೇಕಕ್ಕೆ ಸೇರಿದ್ದು. ವಿದ್ಯುತ್ ಯಂತ್ರಗಳು ಆಗ ಬೇಡ. ಉಪಕರಣಗಳನ್ನು ಕೂಡಿಡುವುದು ಬೇರೆಯೇ ಒಂದು ಹವ್ಯಾಸ. ಅದಕ್ಕೂ ಮರಗೆಲಸಕ್ಕೂ ಸಂಬಂಧ ಕಡಮೆ. ಬೀಟೆ ತೇಗಗಳ ಮೇಲೆ ಕೈ ಕಲಿಯುವುದು ದುಂದು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರವು ಅಗ್ಗ. ಮೊದಲನೆಯ ಕಾಲುಮಣೆಗೆ ಅದು ಸಾಕು.

ಸಾಣೆಕಲ್ಲಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಮೊಂಡು ಉಳಿಗೆ ಬಲ ಹೆಚ್ಚು ಬೇಕು. ಬಲ ಹೆಚ್ಚಿದಾಗ ಅದು ಜಾರುವುದು. ಅಲಗಿನ ಮುಂದೆ ಮರವನ್ನು ಹಿಡಿದಿರುವ ಎಡಗೈಗೆ ಆಗ ಗಾಯ ತಪ್ಪದು. ಎರಡು ಕೈಗಳೂ ಅಲಗಿನ ಹಿಂದೆಯೇ ಇರುವಂತೆ ಮರವನ್ನು ಕ್ಲಾಂಪಿನಿಂದ ಬಿಗಿದುಕೊಳ್ಳಬೇಕು. ಕ್ಲಾಂಪಿನ ಬೆಲೆಯನ್ನು ಹವ್ಯಾಸದ ಖರ್ಚಿಗೆ ಬರೆಯುವುದಕ್ಕಿಂತ ವೈದ್ಯರ ಖರ್ಚಿನಿಂದ ಕಳೆಯುವುದು ಯುಕ್ತ.