ಗುರಿ ಕಲಿಯಲು ಎಷ್ಟು ದುಡ್ಡು ಬೇಕು?

ಮುರುಗಮಲ್ಲದ ದರ್ಗಾದಲ್ಲಿ ಉರುಸು ಬಂತೆಂದರೆ ಊರಿನ ಚಹರೆಯೇ ಬದಲಾಗುತ್ತದೆ. ಚಿಂತಾಮಣಿ ಕಡೆಯಿಂದಲೂ ಆಂಧ್ರದ ಗಡಿಯ ಹಳ್ಳಿಗಳಿಂದಲೂ ಜನ ಬರುತ್ತಾರೆ. ಮಿಠಾಯಿ ಅಂಗಡಿ, ಬಳೆ ಅಂಗಡಿಗಳ ನಡುವೆ ಹುಡುಗರು ಮುತ್ತಿಕೊಳ್ಳುವ ಜಾಗ ಒಂದೇ, ಏರ್‌ಗನ್ನಿನಿಂದ ಬಲೂನು ಒಡೆಯುವ ಅಂಗಡಿ. ಹೈಸ್ಕೂಲಿನ ಹುಡುಗನೊಬ್ಬ ಐದು ಗುಂಡು ಹಾರಿಸುತ್ತಾನೆ. ಐದೂ ವ್ಯರ್ಥ. ಆದರೆ ಅವನ ಕಣ್ಣಿಗೆ ಒಂದು ಸಂಗತಿ ಬಿದ್ದಿರುತ್ತದೆ: ಗುಂಡು ಪ್ರತಿ ಸಲವೂ ಬಲೂನಿನ ಎಡಕ್ಕೇ ಹೋಗುತ್ತಿದೆ. ಮುಂದಿನ ಸಲ ಅಷ್ಟೇ ಅಂತರ ಬಲಕ್ಕೆ ಗುರಿಯಿಡುತ್ತಾನೆ. ಬಲೂನು ಢಬ್ಬೆನ್ನುತ್ತದೆ.

ಮನೆಗೆ ಬಂದವನೇ ಕೇಳುತ್ತಾನೆ, "ಅಪ್ಪಾ, ನನಗೊಂದು ರೈಫಲ್ ಕೊಡಿಸ್ತೀಯಾ?"

ಅಪ್ಪನ ಲೆಕ್ಕ ಬೇರೆ. ಈ ಸಲದ ರೇಷ್ಮೆ ಗೂಡಿಗೆ ಎಷ್ಟು ಬಂತು, ಡೈರಿಯ ಹಾಲಿನ ಹಣ ಎಷ್ಟು, ಸಾಲದ ಕಂತು ಎಷ್ಟು? ಅಮ್ಮನ ಹೆದರಿಕೆಯೂ ಬೇರೆ. ಬಂದೂಕು ಮನೆಗೆ ಬಂದರೆ ಏನೇನು ಅನಾಹುತವೋ! ಮೂವರ ಮಾತಿನಲ್ಲೂ ನ್ಯಾಯವಿದೆ. ಹೀಗಾಗಿ ಈ ವಿಷಯವನ್ನು ಸ್ವಲ್ಪ ಸಮಾಧಾನದಿಂದ ನೋಡುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

ಮೊಬೈಲಿನ ವಿಡಿಯೋಗಳಲ್ಲಿ ಅಮೆರಿಕದವರು ನಳಿಗೆಯನ್ನು ಒಂದು ಕಡೆ, ಟ್ರಿಗರನ್ನು ಇನ್ನೊಂದು ಕಡೆ, ಹಿಡಿಯನ್ನು ಮತ್ತೊಂದು ಕಡೆ ಕೊಂಡು, ಮೇಜಿನ ಮೇಲೆ ಅರೆ-ಸ್ವಯಂಚಾಲಿತ ರೈಫಲ್ ಜೋಡಿಸುವುದನ್ನು ಮಕ್ಕಳು ನೋಡಿರುತ್ತಾರೆ. ಅರೆ-ಸ್ವಯಂಚಾಲಿತ ಎಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ, ಆದರೆ ಮುಂದಿನ ಗುಂಡು ತಾನಾಗಿಯೇ ಬಂದು ಕೂರುತ್ತದೆ. ನಮ್ಮ ದೇಶದಲ್ಲಿ ಅದು ಹವ್ಯಾಸವಲ್ಲ, ಅಪರಾಧ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಅರೆ-ಸ್ವಯಂಚಾಲಿತ ರೈಫಲ್‌ಗಳಲ್ಲಿ ಬಹುಪಾಲು ಸಾಮಾನ್ಯ ನಾಗರಿಕರಿಗೆ ನಿಷೇಧಿತವಾದ ವರ್ಗಕ್ಕೇ ಸೇರಿವೆ.

ವಿದ್ಯಾರ್ಥಿಗೆ ತೆರೆದಿರುವ ದಾರಿ ಏರ್ ರೈಫಲ್. ನಳಿಗೆಯ ವ್ಯಾಸ 4.5 ಮಿಲಿಮೀಟರ್, ಗುಂಡಿನ ಶಕ್ತಿ 20 ಜೂಲ್‌ಗಿಂತ ಕಡಿಮೆ ಇರುವ ಸಾಮಾನ್ಯ ಏರ್ ರೈಫಲ್‌ಗೆ ಲೈಸೆನ್ಸಿನ ಅಗತ್ಯವಿಲ್ಲ. ಹಾಗೆಂದು ಅದು ಆಟಿಕೆಯಲ್ಲ. ಹತ್ತು ಮೀಟರ್ ಸ್ಪರ್ಧೆಯ ಪೆಲೆಟ್ಟಿನ ತೂಕ ಸುಮಾರು 0.53 ಗ್ರಾಂ. ಅದು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಚಲನ ಶಕ್ತಿಯ ಸೂತ್ರದಲ್ಲಿ ಲೆಕ್ಕ ಹಾಕಿದರೆ ಸುಮಾರು 7.6 ಜೂಲ್ ಬರುತ್ತದೆ. ಒಂದು ಕಿಲೋ ಕಲ್ಲು ಮುಕ್ಕಾಲು ಮೀಟರ್ ಎತ್ತರದಿಂದ ಬಿದ್ದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಆದರೆ ಇಲ್ಲಿ ಅಷ್ಟೂ ಶಕ್ತಿ ಕಡಲೆಕಾಳಿಗಿಂತ ಸಣ್ಣ ಜಾಗದ ಮೇಲೆ ಬೀಳುತ್ತದೆ. ಒಂದು ಕಣ್ಣು ಶಾಶ್ವತವಾಗಿ ಹೋಗಲು ಅಷ್ಟು ಸಾಕು.

ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು

ಈ ಆಟಕ್ಕೂ ನಮ್ಮ ಸೀಮೆಗೂ ಏನು ಸಂಬಂಧ ಎಂದು ಕೇಳುವವರು ಸುಮಾ ಶಿರೂರ್ ಅವರ ಹೆಸರು ನೆನೆಯಬೇಕು. 1974ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಇವರು ಹೆಸರು ಮಾಡಿದ್ದು ಮುಂಬಯಿ ಕಡೆಯಿಂದ. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಂಜಲಿ ಭಾಗವತ್ ಜೊತೆ ಚಿನ್ನ ಗೆದ್ದರು. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿದರು. ನಲವತ್ತು ಗುಂಡು, ನಲವತ್ತೂ ಹತ್ತು! ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದರು. ಮುಂದೆ ತರಬೇತುದಾರರಾಗಿ ಅವನಿ ಲೇಖರಾ ಅವರನ್ನು ತಿದ್ದಿದರು. ಅವನಿ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲೂ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಚಿನ್ನ ಗೆದ್ದರು. ಸುಮಾ ಅವರಿಗೆ 2022ರ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು.

ಆ 'ಹತ್ತು' ಎಂಬುದು ಎಷ್ಟು ದೊಡ್ಡದು? ಗುರಿಹಲಗೆಯ ನಡುವಿನ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್, ಪೆನ್ನಿನ ಮೊನೆಯಿಂದ ಇಟ್ಟ ಚುಕ್ಕೆಯಷ್ಟು. ಪೆಲೆಟ್ಟಿನ ಅಂಚು ಅದನ್ನು ಮುಟ್ಟಿದರೆ ಹತ್ತು. ಅಲ್ಲಿಂದಾಚೆಗೆ ಪ್ರತಿ ಎರಡೂವರೆ ಮಿಲಿಮೀಟರಿಗೆ ಒಂದೊಂದು ಅಂಕ ಕಡಿಮೆ.

ಯಾವ ಭಾಗಕ್ಕೆ ಎಷ್ಟು ಬೆಲೆ?

ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಸ್ ಮುಂತಾದ ಜರ್ಮನ್ ಕಂಪನಿಗಳ ಹೊಸ ಸ್ಪರ್ಧಾ ರೈಫಲ್ ಎಂದರೆ ಲಕ್ಷಗಳ ಲೆಕ್ಕ. ಮಧ್ಯಮ ವರ್ಗದ ಮನೆಗೆ ಅದು ಸುಲಭದ ಮಾತಲ್ಲ. ಆದ್ದರಿಂದ ಯಾವ ಭಾಗ ಏನು ಕೆಲಸ ಮಾಡುತ್ತದೆ ಎಂಬುದು ಗೊತ್ತಿರಬೇಕು. ಗೊತ್ತಿದ್ದವರ ದುಡ್ಡು ಉಳಿಯುತ್ತದೆ.

ಮೊದಲನೆಯದು, ಗಾಳಿ ಒತ್ತುವ ವ್ಯವಸ್ಥೆ. ಇದರಲ್ಲಿ ಮೂರು ಬಗೆ. ಸ್ಪ್ರಿಂಗ್ ರೈಫಲ್ ಎಲ್ಲಕ್ಕಿಂತ ಅಗ್ಗ. ನಳಿಗೆಯನ್ನು ಮಡಿಸಿದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಬಂದೂಕು ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಬಡಿದು ನಿಂತಾಗ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ನಳಿಗೆಯಿಂದ ಹೊರಬೀಳುವುದರೊಳಗೇ ಈ ಕುಲುಕು ಶುರುವಾಗಿರುತ್ತದೆ. ಎರಡನೆಯ ಬಗೆಯಲ್ಲಿ ಸನ್ನೆಯನ್ನು ಒಮ್ಮೆ ಎಳೆದು ಗಾಳಿಯನ್ನು ಮೊದಲೇ ಒತ್ತಿ ಇಡಲಾಗುತ್ತದೆ. ಆದ್ದರಿಂದ ಕುಲುಕು ಇಲ್ಲವೆನ್ನುವಷ್ಟು ಕಡಿಮೆ. ಮೂರನೆಯದು ಈಗ ಸ್ಪರ್ಧೆಗಳಲ್ಲಿ ಎಲ್ಲೆಲ್ಲೂ ಕಾಣುವ ಸಿಲಿಂಡರ್ ರೈಫಲ್. ಅದರ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್ ಇರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು ಅಷ್ಟೆ. ಸಿಲಿಂಡರಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಹಳೆಯ ರೈಫಲ್ ಕೊಳ್ಳುವವರು ಮೊದಲು ಓದಬೇಕಾದದ್ದು ಅದನ್ನು. ತಯಾರಕರು ಹೇಳಿದ ಅವಧಿ ಮೀರಿದ ಸಿಲಿಂಡರ್ ಬಳಸುವುದು ಅಪಾಯ.

ಎರಡನೆಯದು ನಳಿಗೆ. ಅದರ ಒಳಗೋಡೆಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಅವು ಪೆಲೆಟ್ಟನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ಹೇಗೆ ಬೀಳದೆ ನಿಲ್ಲುತ್ತದೋ ಹಾಗೆ ತಿರುಗುವ ಪೆಲೆಟ್ ಪಲ್ಟಿ ಹೊಡೆಯದೆ ಹೋಗುತ್ತದೆ. ನಳಿಗೆಯ ಪರೀಕ್ಷೆ ಸುಲಭ. ರೈಫಲನ್ನು ಸ್ಟ್ಯಾಂಡಿಗೆ ಬಿಗಿದು, ಗುರಿ ಬದಲಿಸದೆ ಹತ್ತು ಪೆಲೆಟ್ ಹಾರಿಸಬೇಕು. ಹತ್ತೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋದರೆ ನಳಿಗೆ ಚೆನ್ನಾಗಿದೆ ಎಂದರ್ಥ. ಆ ತೂತು ನಡುವಿನಿಂದ ದೂರವಿದ್ದರೂ ಚಿಂತೆಯಿಲ್ಲ, ಅದನ್ನು ಗುರಿನೋಟದ ತಿರುಪಿನಿಂದ ಸರಿಪಡಿಸಬಹುದು. ಚೆದುರಿಬಿದ್ದರೆ ಮಾತ್ರ ಬೇರೆ ಪೆಲೆಟ್ ಹಾಕಿ ನೋಡಬೇಕು. ಆಗಲೂ ಚೆದುರಿದರೆ ಆ ರೈಫಲ್ ಎಷ್ಟು ಅಗ್ಗವಾದರೂ ಬೇಡ.

ಮೂರನೆಯದು ಗುರಿನೋಟ, ಅಂದರೆ ಸೈಟ್. ಕಣ್ಣಿನ ಬಳಿ ಸಣ್ಣ ತೂತಿನ ಬಿಲ್ಲೆ, ನಳಿಗೆಯ ತುದಿಯಲ್ಲಿ ಉಂಗುರ. ಇವೆರಡರ ನಡುವೆ 80 ಸೆಂಟಿಮೀಟರ್ ಅಂತರವಿದೆ ಎನ್ನೋಣ. ಜೋಡಣೆಯಲ್ಲಿ 0.2 ಮಿಲಿಮೀಟರ್ ತಪ್ಪಿದರೆ, ಸಮರೂಪ ತ್ರಿಕೋನಗಳ ನಿಯಮದಂತೆ ಹತ್ತು ಮೀಟರ್ ದೂರದಲ್ಲಿ ಆ ತಪ್ಪು 12.5 ಪಟ್ಟು ಬೆಳೆದು ಎರಡೂವರೆ ಮಿಲಿಮೀಟರ್ ಆಗುತ್ತದೆ. ಒಂದು ಅಂಕ ಹೋಯಿತು! ಹೈಸ್ಕೂಲಿನ ರೇಖಾಗಣಿತ ಇಲ್ಲಿ ಅಂಕಪಟ್ಟಿಯಾಗಿ ಬದಲಾಗುತ್ತದೆ. ಅಲುಗಾಡುವ ಸೈಟಿಗಾಗಿ ದುಡ್ಡು ಉಳಿಸುವುದು ಜಾಣತನವಲ್ಲ.

ಸೈಟಿನ ಮಹತ್ವಕ್ಕೆ ಅಭಿನವ್ ಬಿಂದ್ರಾ ಅವರ ಉದಾಹರಣೆಯೇ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫೈನಲ್ ಶುರುವಾಗುವ ಮುನ್ನ ಅವರು ಹಾರಿಸಿದ ಅಭ್ಯಾಸದ ಗುಂಡು ನಡುವಿನಿಂದ ಬಹಳ ದೂರ ಬಿತ್ತು. ಸೈಟು ಕದಲಿತ್ತು. ಅವರು ಗಾಬರಿಯಾಗದೆ ತಿರುಪು ತಿರುಗಿಸಿ ಸರಿಮಾಡಿಕೊಂಡರು. ಒಟ್ಟು 700.5 ಅಂಕ ಪಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ತನ್ನ ರೈಫಲ್‌ನ ಪ್ರತಿ ತಿರುಪನ್ನೂ ಬಲ್ಲವನಿಗೆ ಮಾತ್ರ ಅಂಥ ಗಳಿಗೆಯಲ್ಲಿ ಕೈ ನಡುಗುವುದಿಲ್ಲ.

ನಾಲ್ಕನೆಯದು ಬಟ್ ಮತ್ತು ಟ್ರಿಗರ್. ಅಂಗಿಯಂತೆ ಬಟ್ ಕೂಡ ಮೈಗೆ ಒಪ್ಪಬೇಕು. ಭುಜಕ್ಕೆ ತಾಗುವ ಭಾಗ, ಕೆನ್ನೆ ಒರಗುವ ಭಾಗ ಎರಡನ್ನೂ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸುವಂತಿದ್ದರೆ ಬೆಳೆಯುವ ಹುಡುಗನಿಗೂ ಹುಡುಗಿಗೂ ನಾಲ್ಕಾರು ವರ್ಷ ಒದಗುತ್ತದೆ. ಸ್ಪರ್ಧೆಯಲ್ಲಿ 5.5 ಕಿಲೋವರೆಗೆ ತೂಕಕ್ಕೆ ಅವಕಾಶವಿದೆ ಎಂದು ಹದಿಮೂರರ ಮಗುವಿಗೆ ಅಷ್ಟು ಭಾರ ಹೊರಿಸಬಾರದು. ಬೆನ್ನು ಮೊದಲು, ಪದಕ ಆಮೇಲೆ. ಟ್ರಿಗರ್ ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಒತ್ತಿಗೆ ಬಿಡಬೇಕು. ಅದನ್ನು ಮನೆಯಲ್ಲಿ ಅರದಿಂದ ಉಜ್ಜಿ 'ಹಗುರ' ಮಾಡುವ ಸಾಹಸ ಬೇಡವೇ ಬೇಡ.

ಬೇಡವಾದವುಗಳ ಪಟ್ಟಿಯೂ ಇದೆ. ದುರ್ಬೀನು ಅಂತಾರಾಷ್ಟ್ರೀಯ ನಿಯಮದ ಹತ್ತು ಮೀಟರ್ ಸ್ಪರ್ಧೆಯಲ್ಲಿ ನಿಷಿದ್ಧ. ಲೇಸರ್ ದೀಪ, ಸೈನಿಕರ ಬಂದೂಕಿನಂತೆ ಕಾಣುವ ಪ್ಲಾಸ್ಟಿಕ್ ಹೊದಿಕೆ, ಒಂದೇ ಸಲಕ್ಕೆ ಹತ್ತು ಪೆಲೆಟ್ ತುಂಬುವ ಪೆಟ್ಟಿಗೆ, ಇವು ಒಂದು ಅಂಕವನ್ನೂ ಹೆಚ್ಚಿಸುವುದಿಲ್ಲ. ಇಲ್ಲಿ ಪ್ರತಿ ಪೆಲೆಟ್ಟನ್ನೂ ಕೈಯಿಂದಲೇ ಒಂದೊಂದಾಗಿ ತುಂಬುವುದು. 'ವೇಗ ಹೆಚ್ಚಿಸಿ ಕೊಡುತ್ತೇವೆ' ಎನ್ನುವವರಿಂದ ಇನ್ನೂ ದೂರವಿರಬೇಕು. 20 ಜೂಲ್ ಗೆರೆ ದಾಟಿದ ಗಳಿಗೆಯಿಂದ ಅದು ಲೈಸೆನ್ಸ್ ಬೇಕಾದ ಆಯುಧ.

ಕಾಣದ ಖರ್ಚು

ರೈಫಲ್ ಕೊಳ್ಳುವುದು ಒಂದು ಸಲದ ಖರ್ಚು. ಪೆಲೆಟ್ ಹಾಗಲ್ಲ. ದಿನಕ್ಕೆ ನೂರರಂತೆ ವಾರದಲ್ಲಿ ಆರು ದಿನ ಅಭ್ಯಾಸ ಮಾಡಿದರೆ ತಿಂಗಳಿಗೆ ಸುಮಾರು 2,500 ಪೆಲೆಟ್, ಅಂದರೆ ಐನೂರರ ಐದು ಡಬ್ಬಿ. ಇದರ ಮೇಲೆ ಕ್ಯಾನ್ವಾಸು-ಚರ್ಮದ ದಪ್ಪ ಜಾಕೆಟ್, ಕೈಗವಸು, ಶೂ, ಬೆಂಗಳೂರಿನ ಬಸ್ ಚಾರ್ಜು, ತರಬೇತಿಯ ಶುಲ್ಕ. ಎಲ್ಲ ಹಣವನ್ನೂ ರೈಫಲ್‌ಗೇ ಸುರಿದು ಪೆಲೆಟ್ಟಿಗೆ ಕಾಸಿಲ್ಲದೆ ಗೋಡೆಗೆ ಒರಗಿಸಿಟ್ಟರೆ, ದಾರವಿಲ್ಲದ ಮಗ್ಗದಂತೆ.

ಆದ್ದರಿಂದ ಖರ್ಚಿಗೂ ಒಂದು ಕ್ರಮ ಇರಬೇಕು. ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ. ಶಾಲೆ-ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ, .22 ರೈಫಲ್ ಹಿಡಿಯುವ ಅವಕಾಶ ಅಲ್ಲಿ ಸಿಗಬಹುದು. ರಜೆಯಲ್ಲಿ ಬೆಂಗಳೂರಿನ ಕ್ಲಬ್ಬಿನ ರೈಫಲ್‌ನಲ್ಲೇ ಕಲಿಯಲಿ. ಸ್ಪರ್ಧೆಗಳ ವಿಚಾರವನ್ನು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ಕೇಳಿ ತಿಳಿಯಬಹುದು. ಆರು ತಿಂಗಳ ಮೇಲೂ ಆಸೆ ಇಳಿಯದಿದ್ದರೆ ಮೊದಲು ಕೈಗವಸು, ಯಾರೋ ಬಳಸಿ ಬಿಟ್ಟ ಜಾಕೆಟ್. ಆಮೇಲೆ ತರಬೇತುದಾರರು ನೋಡಿ ಒಪ್ಪಿದ ಹಳೆಯ ಸ್ಪರ್ಧಾ ರೈಫಲ್. ಹೊಸದು ಕೊನೆಗೆ, ಅದೂ ಅಂಕಪಟ್ಟಿ ಕೇಳಿದರೆ. ಖರೀದಿ ಪಾಲಕರ ಹೆಸರಿನಲ್ಲಿರಲಿ, ರಸೀದಿ ಜೋಪಾನವಾಗಿರಲಿ.

ಅಮ್ಮನ ಹೆದರಿಕೆಗೆ ಉತ್ತರ

ಅಮ್ಮನ ಹೆದರಿಕೆಗೆ ಉತ್ತರ ಶಿಸ್ತು. ಖಾಲಿ ರೈಫಲನ್ನೂ ತುಂಬಿದ್ದೆಂದೇ ತಿಳಿಯಬೇಕು. ನಳಿಗೆಯನ್ನು ಯಾರತ್ತಲೂ, ತಮಾಷೆಗೂ ತಿರುಗಿಸಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು. ಕಲ್ಲಿಗೆ, ಕಬ್ಬಿಣಕ್ಕೆ ಹೊಡೆದ ಪೆಲೆಟ್ ವಾಪಸು ಚಿಮ್ಮುತ್ತದೆ. ರೈಫಲ್ ಒಂದು ಬೀಗದಲ್ಲಿ, ಪೆಲೆಟ್ ಇನ್ನೊಂದು ಬೀಗದಲ್ಲಿ ಇರಲಿ. ಪೆಲೆಟ್ ಸಾಮಾನ್ಯವಾಗಿ ಸೀಸದ್ದು. ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬೇಡ, ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ತೋಟದ ಗಿಳಿ, ಪಾರಿವಾಳಗಳತ್ತ ಗುರಿಯಿಟ್ಟರೆ ಅದು ಕ್ರೀಡೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ಈ ನಿಯಮಗಳನ್ನು ಒಂದು ತಿಂಗಳು ತಪ್ಪದೆ ಪಾಲಿಸಲಾಗದ ಮಗುವಿಗೆ ರೈಫಲ್ ಕೊಡಿಸುವ ಕಾಲ ಇನ್ನೂ ಬಂದಿಲ್ಲ ಎಂದೇ ತಿಳಿಯಬೇಕು.

ಉರುಸಿನ ಬಲೂನು ಅಂಗಡಿಯ ಬಂದೂಕು ಬಹುಶಃ ಸೊಟ್ಟಗಿತ್ತು, ಸೈಟು ಕದಲಿತ್ತು. ಆದರೂ ಆ ಹುಡುಗ ಬಲೂನು ಒಡೆದ. ಗುಂಡು ಎಲ್ಲಿ ಬೀಳುತ್ತಿದೆ ಎಂದು ನೋಡಿದ, ಕಾರಣ ಊಹಿಸಿದ, ಗುರಿಯನ್ನು ತಿದ್ದಿಕೊಂಡ. ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲದ ಭಾಗ ಅದು. ಅದು ಮಗನಲ್ಲೋ ಮಗಳಲ್ಲೋ ಕಂಡರೆ ಉಳಿದ ಭಾಗಗಳಿಗೆ ನಿಧಾನವಾಗಿ ದುಡ್ಡು ಕೂಡಿಸಬಹುದು.